ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ

ಕೆಂಗೇರಿ ಉಪನಗರದಲ್ಲಿ ಮನೆ, ಪಟ್ಟಂದೂರು ಅಗ್ರಹಾರದ ಹತ್ತಿರ ಕೆಲಸ ಎಂದರೆ ಕೇಳಿದವರು ಅಯ್ಯೋ ಅನ್ನುತ್ತಾರೆ. ಒಂದು ಬೆಂಗಳೂರಿನ ಪಶ್ಚಿಮದ ತುದಿ, ಇನ್ನೊಂದು ಪೂರ್ವದ ತುದಿ. ಚಲ್ಲಘಟ್ಟದಿಂದ ಕಾಡುಗೋಡಿಗೆ ಹೋಗುವ ಮೆಟ್ರೊದ ನೇರಳೆ ಮಾರ್ಗ 43 ಕಿಲೋಮೀಟರಿಗೂ ಹೆಚ್ಚು. ಎರಡೂ ತುದಿಯ ಕೆಲವು ನಿಲ್ದಾಣ ಬಿಟ್ಟರೆ ಉಳಿದದ್ದೆಲ್ಲ ನನ್ನ ದಿನಚರಿ. ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ.

ಹಿಂದಿನದಕ್ಕೆ ಹೋಲಿಸಿದರೆ ಇದೇ ಸುಖ. 2023ರ ಮಾರ್ಚಿನಲ್ಲಿ ಕೃಷ್ಣರಾಜಪುರದಿಂದ ಆಚೆಗಿನ ಮೆಟ್ರೊ ಶುರುವಾದಾಗ ಬೈಯಪ್ಪನಹಳ್ಳಿಗೂ ಅದಕ್ಕೂ ನಡುವೆ ಎರಡು ಕಿಲೋಮೀಟರಿನಷ್ಟು ಕೊಂಡಿ ಬಾಕಿಯಿತ್ತು. ಒಂದು ರೈಲು ಇಳಿದು, ಬಸ್ಸಿಗೆ ಓಡಿ, ಇನ್ನೊಂದು ರೈಲು ಹಿಡಿಯಬೇಕು. ಅಕ್ಟೋಬರಿನಲ್ಲಿ ಕೊಂಡಿ ಕೂಡಿತು. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿ ಆ ಸಂತೋಷದ ಬಿಲ್ಲೂ ಬಂತು.

ಅದೇ ಬೇಸಿಗೆಯಲ್ಲಿ ಕಚೇರಿಗೆ ಕಾಲು ಗಂಟೆ ದೂರದಲ್ಲಿ, ಹನ್ನೊಂದನೇ ಮಹಡಿಯ ಒಂದು ಫ್ಲ್ಯಾಟು ಬಾಡಿಗೆಗಿದೆ ಎಂದು ತಿಳಿಯಿತು. ಮಾರಾಟದ ಕೆಲಸದಲ್ಲಿ ತಿಂಗಳ ಅರ್ಧ ದಿನ ಊರೂರು ತಿರುಗುವ ನನ್ನ ಗಂಡ ಒಂದು ಹಾಳೆಯಲ್ಲಿ ಲೆಕ್ಕ ಹಾಕಿದರು. ದಿನಕ್ಕೆ ಮೂರು ಗಂಟೆ ಹತ್ತು ನಿಮಿಷ ಉಳಿತಾಯ. ವಾರಕ್ಕೆ ಹತ್ತಿರ ಹತ್ತಿರ ಹದಿನಾರು ಗಂಟೆ.

ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರ ಒಂದು ಪ್ರಬಂಧದಲ್ಲಿ ಹೀಗೆ ವಾದಿಸಿದ್ದ: ನಡೆದು ಓಡಾಡಿದರೂ ಕಾರಿನಲ್ಲಿ ಓಡಾಡಿದರೂ ಮನುಷ್ಯ ಪ್ರಯಾಣಕ್ಕೆ ಕೊಡುವುದು ದಿನಕ್ಕೆ ಸುಮಾರು ಒಂದು ಗಂಟೆ. ವೇಗ ಹೆಚ್ಚಾದರೆ ಸಮಯ ಉಳಿಯುವುದಿಲ್ಲ, ಊರು ಹಿಗ್ಗುತ್ತದೆ. ಊರು ಹಿಗ್ಗಿದ್ದು ಖಂಡಿತ. ಆ ಒಂದು ಗಂಟೆಯ ಮಾತು ಮಾತ್ರ ನಮ್ಮತ್ತ ಬರುವಾಗ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಿರಬೇಕು.

ಗಂಡನ ಹಾಳೆಯಲ್ಲಿ ಇದ್ದದ್ದೆಲ್ಲ ನನ್ನ ಸಮಯ. ನಮ್ಮ ಜೊತೆಗಿರುವ ಅಮ್ಮನಿಗೆ ಎಪ್ಪತ್ತನಾಲ್ಕು. ಕೆಂಗೇರಿಯಲ್ಲಿ ಗೇಟು ತೆಗೆದರೆ ರಸ್ತೆ, ರಸ್ತೆ ದಾಟಿದರೆ ಪಾರ್ಕಿನ ಕಲ್ಲುಬೆಂಚು, ಅಲ್ಲಿ ಅವಳದೇ ನಾಲ್ಕು ಜನ. ಸೊಪ್ಪಿನವಳು ಬಂದರೆ ಕಟ್ಟಿನ ಬೆಲೆಗಿಂತ ಅವಳ ಮಗಳ ಬಾಣಂತನದ ವಿಚಾರವೇ ಮೊದಲು. ಫ್ಲ್ಯಾಟು ನೋಡಲು ಎಲ್ಲರೂ ಹೋದೆವು. ಈಜುಕೊಳ, ಆಟದ ಜಾಗ ಕಂಡು ನನ್ನ ಮಗಳು ಕುಣಿದಳು. ಅಮ್ಮ ಬಾಲ್ಕನಿಯಿಂದ ಕೆಳಗೆ ನೋಡಿ, “ಇಲ್ಲಿಂದ ಯಾರನ್ನ ಕೂಗೋದು ಪುಟ್ಟಾ?” ಅಂದಳು. ನಕ್ಕು ಸುಮ್ಮನಾದೆವು.

ಅದಾಗಿ ತಿಂಗಳೊಳಗೆ ಒಂದು ಮಧ್ಯಾಹ್ನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಗಂಡ ಊರಿನಲ್ಲಿರಲಿಲ್ಲ. ಕೋಸಂಬರಿಯ ಡಬ್ಬಿ ವಾಪಸು ಕೊಡಲು ಬಂದಿದ್ದ ಎದುರುಮನೆ ಆಂಟಿಗೆ ನರಳುವ ಸದ್ದು ಕೇಳಿಸಿತಂತೆ. ಅವರ ಫೋನು ಬಂದದ್ದೇ ನಾನು ರೈಲು ಹತ್ತಿದೆ. ಕೃಷ್ಣರಾಜಪುರ ದಾಟುವಾಗ ಆಟೊದಲ್ಲಿ ಆಸ್ಪತ್ರೆಗೆ ಹೊರಟಿದ್ದೇವೆ ಎಂದರು. ಇಂದಿರಾನಗರದಲ್ಲಿ ಎಕ್ಸ್‌ರೇ ಆಗುತ್ತಿದೆ ಎಂದರು. ಕಬ್ಬನ್ ಪಾರ್ಕಿನಿಂದ ಸುರಂಗ. ನನ್ನ ಫೋನಿಗೆ ಸಿಗ್ನಲ್ ಸಿಗಲಿಲ್ಲ. ಐದು ನಿಲ್ದಾಣ ಕಳೆದು ಮಾಗಡಿ ರಸ್ತೆಯಲ್ಲಿ ರೈಲು ಮೇಲೆ ಬಂದಾಗ ಸಂದೇಶ: ಮಣಿಕಟ್ಟು ಮುರಿದಿದೆ, ಬೇರೇನೂ ಇಲ್ಲ, ಗಾಬರಿಯಾಗಬೇಡ. ನಾನು ಆಸ್ಪತ್ರೆ ಸೇರುವಷ್ಟರಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಅಮ್ಮ ಕಾಫಿ ಕುಡಿಯುತ್ತಿದ್ದಳು.

“ಹತ್ತಿರ ಇದ್ದಿದ್ರೆ ನೀನು ಕಾಲು ಗಂಟೇಲಿ ಬರ್ತಿದ್ದೆ” ಎಂದರು ಗಂಡ. ನಿಜ. ಆದರೆ ಹನ್ನೊಂದನೇ ಮಹಡಿಯಲ್ಲಿ ಮುಚ್ಚಿದ ಬಾಗಿಲ ಹಿಂದೆ ಬಿದ್ದಿದ್ದರೆ ನನಗೆ ಫೋನು ಮಾಡುವವರು ಯಾರು? ಅಲ್ಲೂ ಒಳ್ಳೆಯ ನೆರೆಯವರು ಇರುತ್ತಾರೆ, ಅನುಮಾನವಿಲ್ಲ. ಡಬ್ಬಿ ಹಿಡಿದು ಬರುವಷ್ಟು ಬಳಕೆಯಾಗಲು ಅಮ್ಮನಿಗೆ ಇಲ್ಲಿ ಹದಿನೆಂಟು ವರ್ಷ ಹಿಡಿದಿದೆ.

ಫ್ಲ್ಯಾಟು ಬಿಟ್ಟೆವು. ಕಚೇರಿಯಲ್ಲಿ ಕೇಳಿ ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡಲು ಒಪ್ಪಿಸಿದೆ. ಗಂಡನ ಲೆಕ್ಕದ ಹದಿನಾರು ಗಂಟೆ ಒಂಬತ್ತೂವರೆಗೆ ಇಳಿಯಿತು. ಉಳಿದ ಮೂರು ದಿನ ನಾನು ಮನೆ ಸೇರುವಾಗ ಮಗಳ ಊಟ ಮುಗಿದಿರುತ್ತದೆ, ಕೆಲವೊಮ್ಮೆ ನಿದ್ದೆಯೂ. ಅವಳಿಗೆ ಆರು ವರ್ಷ. ಈ ಸಂಜೆಗಳು ಅಮ್ಮನ ಬೆಂಚಿಗೆ ನಾವು ಕಟ್ಟುತ್ತಿರುವ ಬಾಡಿಗೆ, ಕಟ್ಟುತ್ತಿರುವವಳು ಮಗಳು ಎಂದು ರಾತ್ರಿ ಹೊದಿಕೆ ಸರಿಮಾಡುವಾಗ ಅನ್ನಿಸುತ್ತದೆ. ಏಪ್ರಿಲಿನಲ್ಲಿ ಶಾಲೆಯ ಫೀಸು ಕಟ್ಟುವ ಮುಂಚೆ ಮತ್ತೆ ಕೂತು ಮಾತಾಡಬೇಕು. ಗಂಡ ಆ ಹಾಳೆಯನ್ನು ಎಸೆದಿಲ್ಲ.