ಊಟಿಯ ಚಳಿ ಮತ್ತು ಹಳೇ ಕಿಟಕಿಯ ಗಾಜು

ಬಂಡೀಪುರ, ಗೂಡಲೂರು ದಾಟಿ ಊಟಿಗೆ ಶಾಲಾ ಪ್ರವಾಸ ಹೋಗದ ಮೇಷ್ಟ್ರು ಮೈಸೂರು ಸೀಮೆಯಲ್ಲಿ ಸಿಗುವುದು ಕಷ್ಟ. ಬೋಟು, ಗುಲಾಬಿ ತೋಟ, ಮನೆಗೊಂದಿಷ್ಟು ಚಾಕೊಲೇಟು. ಎರಡು ದಿನ ಮುಗಿದೇಹೋಗುತ್ತದೆ. ಈ ಸಲ ಜನವರಿಯಲ್ಲಿ ಮಾತ್ರ ಮಕ್ಕಳನ್ನು ಆರು ಗಂಟೆಗೇ ಎಬ್ಬಿಸಿ ಊರಾಚೆಯ ಒಂದು ಬಡಗರ ಹಳ್ಳಿಗೆ ಕರೆದೊಯ್ದೆ. ನನಗೆ ಅಲ್ಲೊಂದು ಹಳೆಯ ಬಾಕಿಯಿತ್ತು.

ಆರು ವರ್ಷದ ಹಿಂದೆ ಅಲ್ಲಿನ ರೈತರೊಬ್ಬರ ಬೀಳುಭೂಮಿಯಲ್ಲಿ ನಮ್ಮ ಮಕ್ಕಳು ಐವತ್ತು ಕಾಡುಸಸಿ ನೆಟ್ಟಿದ್ದರು. ಹಿಂದೆ ಅದು ಶೋಲಾ ಕಾಡು. ಸೌದೆಗೆ, ಬೇಸಾಯಕ್ಕೆ ಕಡಿದು ಬರಿದಾಗಿತ್ತು. ಒಂದೊಂದು ಸಸಿಯ ಪಕ್ಕದಲ್ಲೂ ಕಡ್ಡಿಗೆ ಕಟ್ಟಿದ ಮಕ್ಕಳ ಹೆಸರು. ಮರುವರ್ಷ ಹೋದರೆ ಕಡ್ಡಿಗಳಿದ್ದವು, ಸಸಿಗಳೆಲ್ಲ ಕಪ್ಪಾಗಿ ಒಣಗಿದ್ದವು. ‘ನೀರು ಸಾಲಲಿಲ್ಲ’ ಎಂದು ಮಕ್ಕಳಿಗೆ ಹೇಳಿಬಿಟ್ಟಿದ್ದೆ. ಪರೀಕ್ಷಿಸದೆ ಹೇಳಿದ ಮಾತು.

ಈಗ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಬೆಳ್ಳಗಿತ್ತು. ಹೆಪ್ಪುಗಟ್ಟಿದ ಇಬ್ಬನಿ! ಮಕ್ಕಳು ಉಗುರಿನಲ್ಲಿ ಕೆರೆದು ನಾಲಿಗೆಗೂ ಇಟ್ಟರು. ಸುಮಾರು 2,240 ಮೀಟರ್ ಎತ್ತರದ ಈ ಊರಲ್ಲಿ ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಶಾಖವನ್ನೆಲ್ಲ ಬರಿಯ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಎಲೆ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ.

ರೈತರ ಹಿತ್ತಲಲ್ಲಿ ಸಿಮೆಂಟ್ ಇಟ್ಟಿಗೆಯ ಗಿಡ್ಡ ತೊಟ್ಟಿಗಳಿದ್ದವು. ಮೇಲೆ ಮುರಿದ ಮನೆಯಿಂದ ತಂದ ಕಿಟಕಿ ಗಾಜು, ದಕ್ಷಿಣಕ್ಕೆ ಇಳಿಜಾರು. ಇಂಗ್ಲಿಷಿನವರ ‘ಕೋಲ್ಡ್ ಫ್ರೇಮ್’ ಇದೇ. ಒಳಗೆ ಕೋಸು, ಹೂಕೋಸಿನ ಸಸಿಗಳು ಹಸುರಾಗಿದ್ದವು. ಪ್ರಯೋಗಾಲಯದಿಂದ ತಂದಿದ್ದ ಥರ್ಮಾಮೀಟರು ಹೊರಗೆ ಸೊನ್ನೆಗೆ ಅಂಟಿಕೊಂಡಿತ್ತು, ಒಳಗೆ ನಾಲ್ಕೈದು ಡಿಗ್ರಿ ಹೆಚ್ಚು. ಒಂದು ತೊಟ್ಟಿಗೆ ಮಾತ್ರ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೋಣಿಚೀಲ. ‘ಪ್ಲಾಸ್ಟಿಕ್ ಒಂದನ್ನೇ ನಂಬಿದರೆ ಸಸಿ ಹೋಗುತ್ತೆ ಮೇಷ್ಟ್ರೇ’ ಎಂದರು. ತೆಳು ಪಾಲಿಥೀನ್ ಅವಕೆಂಪು ಕಿರಣವನ್ನು ಬಹುಪಾಲು ಹೊರಗೆ ಬಿಡುತ್ತದೆ, ಗಾಜು ತಡೆಯುತ್ತದೆ. ಪುಸ್ತಕ ಓದದೆ ಅವರಿಗೆ ಇದು ತಿಳಿದಿತ್ತು. ಒಂದು ರಾತ್ರಿಯಲ್ಲಿ ಇಡೀ ಸಸಿಮಡಿ ಕಳೆದುಕೊಂಡ ಮೇಲೆ.

ಆಗ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ತಣ್ಣನೆ ಗಾಳಿ ಭಾರ, ಹಳ್ಳಕ್ಕೆ ಇಳಿಯುತ್ತೆ ಅಂತೀರಲ್ಲ. ಮತ್ತೆ ಶೋಲಾ ಹಳ್ಳದಲ್ಲೇ ಯಾಕೆ ಬೆಳೆದಿದೆ?’

ನಾನು ತಡವರಿಸಿದೆ. ಗೌಡರು ನಮ್ಮನ್ನು ತೊರೆಯ ಬದಿಯ ಕಾಡಿನೊಳಕ್ಕೆ ಕರೆದೊಯ್ದರು. ಒಳಗೆ ಎಲ್ಲೂ ಬಿಳುಪಿಲ್ಲ. ಒತ್ತೊತ್ತಾದ ಎಲೆಗಳ ಚಾವಣಿ ಆ ಗಾಜಿನ ಕೆಲಸವನ್ನೇ ಮಾಡುತ್ತಿತ್ತು. ಅದರಡಿ ನೂರಾರು ಮರಿಸಸಿಗಳು. ಹತ್ತು ಹೆಜ್ಜೆ ಆಚೆ, ಬಯಲಲ್ಲಿ, ಒಂದೂ ಇಲ್ಲ. ನಮ್ಮ ಐವತ್ತು ಸಸಿಗಳು ಸತ್ತದ್ದು ಮುಚ್ಚಳವಿಲ್ಲದೆ.

ಹಾಗೆಂದು ಬಯಲನ್ನೆಲ್ಲ ಕಾಡು ಮಾಡಹೊರಡುವುದೂ ತಪ್ಪೇ. ಇಲ್ಲಿನ ಹುಲ್ಲುಗಾವಲು ಕಾಡಿನಷ್ಟೇ ಸಹಜ, ಹಳೆಯದು. 1820ರ ದಶಕದಲ್ಲಿ ಜಾನ್ ಸಲಿವನ್ ಊಟಿಯಲ್ಲಿ ನೆಲೆಯೂರಿದ ಮೇಲೆ ಆಲೂಗಡ್ಡೆ, ಕೋಸು ಬಂದವು, ಸೌದೆಗೆಂದು ಆಸ್ಟ್ರೇಲಿಯಾದ ಮರಗಳೂ ಬಂದವು. ಅವುಗಳಲ್ಲೊಂದಕ್ಕೆ ನಾವು ಕನ್ನಡಿಗರು ‘ನೀಲಗಿರಿ’ ಎಂದೇ ಹೆಸರಿಟ್ಟುಬಿಟ್ಟಿದ್ದೇವೆ, ಅದು ಈ ಬೆಟ್ಟದ್ದಲ್ಲದಿದ್ದರೂ! ಇನ್ನೊಂದು ವಾಟಲ್. ತೊಗಟೆಯಿಂದ ಚರ್ಮ ಹದಮಾಡುವ ಟ್ಯಾನಿನ್ ಸಿಗುತ್ತದೆ. ಈಗ ಹುಲ್ಲುಗಾವಲನ್ನೇ ನುಂಗುತ್ತಿದೆ.

ಇಷ್ಟಾದರೂ ಗೌಡರು ತಮ್ಮ ಬೀಳಿನ ಅಂಚಿನ ವಾಟಲನ್ನು ಕಡಿದಿರಲಿಲ್ಲ. ಅದರ ನೆರಳಲ್ಲಿ ಸೊಂಟದೆತ್ತರದ ಶೋಲಾ ಗಿಡಗಳು ತಾವಾಗಿ ಎದ್ದಿದ್ದವು. ಹಕ್ಕಿ ತಂದ ಬೀಜವಿರಬೇಕು. ಪರದೇಶಿ ಮರವೇ ದಾದಿ! ಒಮ್ಮೆಗೇ ಕಡಿದರೆ ಚಳಿ ಒಳನುಗ್ಗುತ್ತದೆ, ಬಿಸಿಲು ಬಿದ್ದು ಮಣ್ಣಲ್ಲಿ ವರ್ಷಗಟ್ಟಲೆ ಮಲಗಿದ್ದ ವಾಟಲ್ ಬೀಜ ದಂಡಿಯಾಗಿ ಮೊಳೆಯುತ್ತದೆ. ಅದಕ್ಕೇ ಅವರು ಗಿಡ ಎತ್ತರವಾದಂತೆ ವರ್ಷಕ್ಕೆರಡು ಕೊಂಬೆ ಮಾತ್ರ ಕಡಿಯುತ್ತಾರಂತೆ.

ಬಿಸಿಲೇರಿತು. ಗೌಡರ ಹೆಂಡತಿ ಒಂದೊಂದೇ ಗಾಜನ್ನು ಸರಿಸಿ ಕಲ್ಲು ಊರುಕೊಟ್ಟರು. ಮುಚ್ಚಿಯೇ ಬಿಟ್ಟರೆ ಮಧ್ಯಾಹ್ನ ಸಸಿ ಬೆಂದುಹೋಗುತ್ತದಂತೆ. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚುವುದರೊಳಗೆ ನಾವು ಕಾಡು ದಾಟಬೇಕಿತ್ತು. ಹೊರಡುವ ಮುನ್ನ ಮಕ್ಕಳು ತೊರೆಯ ಬದಿಯ ಮರಿಸಸಿ ಆರನ್ನು ಮಣ್ಣಿನ ಸಮೇತ ಕಿತ್ತು, ಗೌಡರು ತೋರಿಸಿದಲ್ಲಿ, ವಾಟಲಿನ ಅಡಿಯಲ್ಲಿ ನೆಟ್ಟರು. ಈ ಸಲ ಹೆಸರಿನ ಕಡ್ಡಿ ಊರಲಿಲ್ಲ. ಹಳೆಯ ಮಕ್ಕಳಲ್ಲಿ ವಿಳಾಸ ಸಿಕ್ಕವರಿಗೆ ನಿಜವಾದ ಕಾರಣ ಬರೆದು ಹಾಕುತ್ತಿದ್ದೇನೆ.