ಕ್ಯಾಂಪುಗಳ ದಾರಿಯಲ್ಲಿ
ಬಳ್ಳಾರಿಯಿಂದ ಹೊರಟ ನಾವು ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ದರ್ಶನ ಪಡೆದು ಸಿರುಗುಪ್ಪದ ದಾರಿ ಹಿಡಿದೆವು. ಈ ಸೀಮೆಯ ಹಲವು ಊರುಗಳ ಹೆಸರಿನ ಕೊನೆಗೆ ‘ಕ್ಯಾಂಪ್’ ಎಂಬ ಮಾತುಂಟು. ಕ್ಯಾಂಪೆಂದರೆ ನಾಳೆ ಎದ್ದುಹೋಗುವವರ ಬೀಡಲ್ಲವೆ?

1953ರಲ್ಲಿ ತುಂಗಭದ್ರಾ ಕಾಲುವೆಗಳಲ್ಲಿ ನೀರು ಹರಿದ ಮೇಲೆ, ಕರಾವಳಿ ಆಂಧ್ರದ ರೈತರು ಅಲ್ಲಿಯ ತುಂಡುಭೂಮಿಯನ್ನು ಮಾರಿ, ಇಲ್ಲಿಯ ಎರೆಹೊಲಗಳನ್ನು ಅಗ್ಗದಲ್ಲಿ ಕೊಂಡು ಗುಡಿಸಲು ಹಾಕಿದರು. ಜೋಳ, ಹತ್ತಿಯ ನೆಲವನ್ನು ಮಟ್ಟಮಾಡಿ, ಬದು ಹಾಕಿ ಭತ್ತದ ಗದ್ದೆಯಾಗಿಸಿದ ಆ ಕಾಯಕ ಸಾಮಾನ್ಯವಲ್ಲ. ಆದರೆ ಮಿತನೀರಿನ ಬೆಳೆಗಳಿಗೆಂದು ಯೋಜಿಸಿದ ಕಾಲುವೆಯಿದು. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಂತೆ ಕೊನೆಯ ರೈತನಿಗೆ ನೀರು ಕೈತಪ್ಪಿತು. ಇದನ್ನು ಮರೆತು ಹೊಗಳುವುದು ನಮಗೆ ಸಲ್ಲದು.

ಒಂದು ಕ್ಯಾಂಪಿನಲ್ಲಿ ಹಿರಿಯರೊಬ್ಬರು ಮಜ್ಜಿಗೆಯಿತ್ತು, “ನಮ್ಮೂರು ಇದೇ, ಸ್ವಾಮೀ” ಎಂದರು. ಅವರ ಕನ್ನಡದಲ್ಲಿ ತೆಲುಗಿನ ಛಾಯೆಯಿತ್ತು. ಮೊಮ್ಮಗನದು ಅಪ್ಪಟ ಬಳ್ಳಾರಿಯ ಮಾತು.