ಹಿಟ್ಟಿನ ನೀರು, ಡಬ್ಬಿಯ ಹಾಲು

ದ್ರೋಣಾಚಾರ್ಯರು ಭೀಷ್ಮರ ಮುಂದೆ ತಮ್ಮ ಬಡತನವನ್ನು ಹೇಳಿಕೊಳ್ಳುವ ಸಂದರ್ಭವೊಂದು ಮಹಾಭಾರತದ ಆದಿಪರ್ವದಲ್ಲಿ ಬರುವುದು. ಸಿರಿವಂತರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಬಾಲಕನಾದ ಅಶ್ವತ್ಥಾಮನು ಹಾಲಿಗಾಗಿ ಅತ್ತನು. ತಂದೆಯು ಎಷ್ಟು ಅಲೆದರೂ ಒಂದು ಹಸುವು ದೊರೆಯಲಿಲ್ಲ. ಹೀಗಿರಲು ಜೊತೆಯ ಹುಡುಗರು ಹಿಟ್ಟನ್ನು ನೀರಿನಲ್ಲಿ ಕದಡಿ, ಹಾಲೆಂದು ಹೇಳಿ ಅವನಿಗೆ ಕುಡಿಸಿದರು. ಹುಡುಗನು ತಾನೂ ಹಾಲು ಕುಡಿದೆನೆಂದು ಕುಣಿದಾಡಿದನು, ಸುತ್ತಲಿದ್ದವರು ನಕ್ಕರು. ಆ ನಗೆಯೇ ದ್ರೋಣರನ್ನು ದ್ರುಪದನ ಬಾಗಿಲಿಗೆ ಅಟ್ಟಿತು. ಅದೇ ಗ್ರಂಥದ ಅನುಶಾಸನಪರ್ವದಲ್ಲಿ ಉಪಮನ್ಯುವಿಗೆ ಹಿಟ್ಟಿನ ನೀರನ್ನು ಕೊಟ್ಟವಳಾದರೋ ಹೆತ್ತ ತಾಯಿಯೇ. ಅಲ್ಲಿ ಪರಿಹಾಸವಿಲ್ಲ, ಮನೆಯಲ್ಲಿ ಹಾಲಿಲ್ಲದ ಸಂಕಟವು ಮಾತ್ರ ಉಂಟು. ಆದರೆ ಆ ಬಾಲಕನು ಮೊದಲೊಮ್ಮೆ ನಿಜವಾದ ಹಾಲಿನ ರುಚಿಯನ್ನು ಕಂಡಿದ್ದುದರಿಂದ ಇದು ಹಾಲಲ್ಲವೆಂದು ಹೇಳಬಲ್ಲವನಾದನು.

ಮಾತು ಬಾರದ ಕೂಸಿಗೆ ಆ ಸೌಕರ್ಯವಿಲ್ಲ. ಬಟ್ಟಲಲ್ಲಿ ಬೆಳ್ಳಗೆ ಕಾಣುವುದು ಹಾಲೋ, ಹಾಲಿಗೆ ಸಮನಾದುದೋ, ಬರಿಯ ಹಿಟ್ಟಿನ ನೀರೋ ಎಂಬುದನ್ನು ಅದರ ಪರವಾಗಿ ಹಿರಿಯರೇ ನಿಶ್ಚಯಿಸಬೇಕು. ಸೋಯಾ ಅವರೆಯಿಂದ ತಯಾರಾಗಿ ಡಬ್ಬಿಗಳಲ್ಲಿ ಬರುವ ಶಿಶುಗಳ ಪುಡಿಹಾಲಿನ ವಿಷಯದಲ್ಲಿ ಈ ನಿಶ್ಚಯವು ಸುಲಭವಲ್ಲ. ಕೂಸು ಎರಡು ದಿನ ಹೆಚ್ಚಾಗಿ ಅತ್ತರೆ ಸಾಕು, ಕೆಲವರು ಹಾಲನ್ನು ಬಿಡಿಸಿ ಸೋಯಾ ಡಬ್ಬಿಯನ್ನು ತರಿಸುವರು. ಮತ್ತೆ ಕೆಲವರು ಕಾಳಿನ ಹಾಲೆಂಬ ಹೆಸರನ್ನು ಕೇಳಿಯೇ ಮುಖವನ್ನು ಸಿಂಡರಿಸುವರು. ಇವರಿಬ್ಬರೂ ವಸ್ತುವನ್ನು ನೋಡಿ ಮಾತನಾಡಿದವರಲ್ಲ.

ಸುಶ್ರುತನು ಬಾಲ್ಯವನ್ನು ಕ್ಷೀರಪ, ಕ್ಷೀರಾನ್ನಾದ, ಅನ್ನಾದ ಎಂದು ಮೂರಾಗಿ ವಿಂಗಡಿಸಿ, ಮೊದಲ ವರ್ಷದ ಶಿಶುವು ಹಾಲನ್ನು ಕುಡಿದು ಬದುಕುವಂಥದೆಂದು ಎಣಿಸಿದನು. ತಾಯಿಯ ಹಾಲು ಇಲ್ಲದಾಗ ಆಡಿನ ಹಾಲನ್ನಾಗಲಿ, ಬೇರುಗಳೊಡನೆ ಸಂಸ್ಕರಿಸಿದ ಹಸುವಿನ ಹಾಲನ್ನಾಗಲಿ ಕೊಡಬೇಕೆಂದು ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ವಿಧಿಸಿದನು. ಒಂದು ವರ್ಷ ತುಂಬದ ಕೂಸಿಗೆ ಈ ಎರಡು ಹಾಲುಗಳನ್ನೂ ಮುಖ್ಯಾಹಾರವಾಗಿ ಕುಡಿಸಬಾರದೆಂದು ಈಗಿನ ವೈದ್ಯರು ಹೇಳುವರು. ಗ್ರಂಥದ ಹೆಸರು ಹೇಳಿ ಆ ಮಾತನ್ನು ತಳ್ಳಿಹಾಕುವುದು ವಾಗ್ಭಟನಿಗೂ ಸಮ್ಮತವಾಗಲಾರದು. ಅದೇನೇ ಇರಲಿ, ಪ್ರಾಣಿಯ ಹಾಲನ್ನು ಬಿಟ್ಟು ಕಾಳಿನ ಕಡೆಗೆ ವೈದ್ಯರ ದೃಷ್ಟಿಯು ಹರಿದುದು ತೀರ ಈಚೆಗೆ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ ರೂರಾ ಎಂಬ ಶಿಶುವೈದ್ಯನು ೧೯೦೯ರಲ್ಲಿ ಸೋಯಾ ಹಿಟ್ಟನ್ನು ಕೂಸುಗಳ ಆಹಾರಕ್ಕಾಗಿ ಪ್ರಯೋಗಿಸಿದನು. ೧೯೨೮ರಲ್ಲಿ ಪೀಕಿಂಗಿನ ಅರ್ನೆಸ್ಟ್ ತ್ಸೊ ಎಂಬವನು ಎಂಟು ತಿಂಗಳು ಸೋಯಾ ಹಾಲಿನಿಂದ ಬೆಳೆದ ಶಿಶುವೊಂದರ ವೃತ್ತಾಂತವನ್ನು ಪ್ರಕಟಿಸಿದನು. ೧೯೪೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಅವರೂ ಅವರ ಸಹೋದ್ಯೋಗಿಗಳೂ ಸೋಯಾ ಹಾಲಿನ ಮೇಲೆ ಕೆಲಸ ಮಾಡಿದರು. ಅವರೇ ಮುಂದೆ ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯಕ್ಕೆ ಮೊದಲ ನಿರ್ದೇಶಕರಾದರು. ಎಮ್ಮೆಯ ಹಾಲಿನಿಂದ ಶಿಶುಗಳ ಪುಡಿಹಾಲನ್ನು ತಯಾರಿಸುವ ಕ್ರಮವು ಸಿದ್ಧವಾದುದು ಅದೇ ಸಂಶೋಧನಾಲಯದಲ್ಲಿ. ಆದುದರಿಂದ ಇದು ಕೇವಲ ಪರದೇಶದ ವ್ಯಾಪಾರಿಗಳ ತಂತ್ರವೆನ್ನುವುದು ಸರಿಯಲ್ಲ.

ಕೊಡಗಿನಲ್ಲಿ ಭಾಗಮಂಡಲದ ಕಡೆಯ ಒಂದು ತೋಟದ ಮನೆಗೆ ಈ ಡಬ್ಬಿಯು ಬಂದುದು ಕೆಲವು ವರ್ಷಗಳ ಹಿಂದೆ, ಕಕ್ಕಡ ಮಾಸದ ಸುರಿಮಳೆಯಲ್ಲಿ. ಆ ಮನೆಯ ಸೊಸೆಗೆ ಬಾಣಂತನದಲ್ಲಿಯೇ ಜ್ವರ ಬಂದು ಎದೆಹಾಲು ಕಡಿಮೆಯಾಗಿದ್ದಿತು. ಆದಕಾರಣ ಮೇಲುಹಾಲೆಂದು ಹಸುವಿನ ಹಾಲಿನ ಪುಡಿಯನ್ನು ಕಲಸಿ ಕೊಡುತ್ತಿದ್ದರು. ಕೂಸಿಗೆ ಐದು ತಿಂಗಳಾಗಿದ್ದಾಗ ಭೇದಿಯು ಹತ್ತಿತು. ನಾಲ್ಕು ದಿನಗಳಲ್ಲಿ ನಿಲ್ಲಬೇಕಾದುದು ಹತ್ತು ದಿನಗಳಾದರೂ ನಿಲ್ಲಲಿಲ್ಲ. ಕುಡಿದ ಕೂಡಲೇ ಹೊಟ್ಟೆ ಉಬ್ಬುವುದು, ನೀರಿನಂತೆ ಹೋಗುವುದು, ಹುಳಿ ವಾಸನೆ, ಕುಂಡೆಯೆಲ್ಲ ಕೆಂಪು. ತೊಡೆಯ ಮಾಂಸವು ಇಳಿದು ಚರ್ಮವು ಸಡಿಲವಾಯಿತು. ಮನೆಯವರು ಹೆದರಿ ಮಡಿಕೇರಿಗೆ ಕರೆದೊಯ್ದರು.

ಮಕ್ಕಳ ವೈದ್ಯರು ಮಲವನ್ನು ಪರೀಕ್ಷಿಸಿ ಹೇಳಿದುದು ಇಷ್ಟು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯುಂಟು. ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು ೭ ಪಾಲು, ಹಸುವಿನ ಹಾಲಿನಲ್ಲಿ ೫ಕ್ಕೆ ಸ್ವಲ್ಪ ಕಡಿಮೆ. ಅದನ್ನು ಒಡೆದು ಜೀರ್ಣಿಸುವ ಕಿಣ್ವವು ಸಣ್ಣ ಕರುಳಿನ ಒಳಮೈಯ ತುದಿಯಲ್ಲಿ ಇರುವುದು. ಬಲವಾದ ಭೇದಿಯಲ್ಲಿ ಆ ಒಳಮೈಯೇ ಸವೆದುಹೋಗುವುದರಿಂದ ಕಿಣ್ವವು ಕೆಲಕಾಲ ಇಲ್ಲದಾಗುವುದು. ಜೀರ್ಣವಾಗದ ಸಕ್ಕರೆಯು ನೀರನ್ನು ಎಳೆದುಕೊಂಡು ಭೇದಿಯನ್ನು ಮತ್ತೆ ಹೆಚ್ಚಿಸುವುದು. ಕರುಳು ಮಾಗಿದ ಮೇಲೆ ಕಿಣ್ವವು ತಾನಾಗಿಯೇ ಹಿಂದಿರುಗುವುದು. ಅಲ್ಲಿಯವರೆಗೆ ಹಸುವಿನ ಹಾಲಿನ ಪುಡಿಗೆ ಬದಲಾಗಿ, ಈ ಸಕ್ಕರೆಯಿಲ್ಲದ ಸೋಯಾ ಪುಡಿಯನ್ನು ನಾಲ್ಕು ವಾರ ಕೊಡಬೇಕು; ಎದೆಹಾಲನ್ನು ಮಾತ್ರ, ಎಷ್ಟು ಕಡಿಮೆಯಿದ್ದರೂ, ಒಂದು ಹೊತ್ತೂ ಬಿಡಿಸಬಾರದು. ಚೀಟಿಯಲ್ಲಿ ಆರಂಭದ ದಿನದ ಪಕ್ಕದಲ್ಲಿಯೇ ಮುಗಿಸುವ ದಿನವನ್ನೂ ಬರೆದುಕೊಟ್ಟರು. ಆ ಎರಡನೆಯ ದಿನಾಂಕವು ಔಷಧದಷ್ಟೇ ಬೆಲೆಯುಳ್ಳದು.

ಕೂಸಿನ ತಂದೆಗೆ ಇನ್ನೊಂದು ಭಯವಿದ್ದಿತು. ತನಗೂ ಹಾಲು ಒಗ್ಗುವುದಿಲ್ಲ. ಈ ದೋಷವು ವಂಶದಿಂದ ಬಂದುದಾಗಿರಬಹುದೇ ಎಂದು. ಇದು ಅನೇಕ ಮನೆಗಳಲ್ಲಿ ಕೇಳಿಬರುವ ಮಾತು. ಪ್ರಾಯದವರಲ್ಲಿ ಆ ಕಿಣ್ವವು ಕಡಿಮೆಯಾಗುವುದು ದಕ್ಷಿಣದ ಜನರಲ್ಲಿ ಬಹು ಸಾಮಾನ್ಯ. ಅದು ಎಳೆತನ ಕಳೆದ ಮೇಲೆ ಆಗುವ ಸಂಗತಿ. ಹುಟ್ಟಿನಿಂದಲೇ ಆ ಕಿಣ್ವವಿಲ್ಲದ ಶಿಶುಗಳು ಜಗತ್ತಿನಲ್ಲಿಯೇ ಅತಿ ವಿರಳ. ತಂದೆಯ ಹೊಟ್ಟೆಯನ್ನು ನೋಡಿ ಮಗುವಿನ ಹಾಲನ್ನು ಬಿಡಿಸುವುದು ನ್ಯಾಯವಲ್ಲ.

ಡಬ್ಬಿಯು ಮನೆಗೆ ಬಂದಿತು. ಅಜ್ಜಿಯು ಅದನ್ನು ತಿರುತಿರುಗಿಸಿ ನೋಡಿದರು. ನಗುವ ಕೂಸಿನ ಚಿತ್ರವಿಲ್ಲ, ತಾಯಿಯ ಚಿತ್ರವಿಲ್ಲ. ತಾಯಿಯ ಹಾಲೇ ಶ್ರೇಷ್ಠವೆಂಬ ಎಚ್ಚರಿಕೆಯು ಅಚ್ಚಾಗಿದೆ. ೧೯೯೨ರಲ್ಲಿ ಭಾರತ ಸರ್ಕಾರವು ಮಾಡಿ ೨೦೦೩ರಲ್ಲಿ ಬಿಗಿಗೊಳಿಸಿದ ಕಾನೂನಿನಂತೆ ಇಂಥ ಪುಡಿಗಳನ್ನು ಜಾಹೀರು ಮಾಡುವಂತಿಲ್ಲ, ಚಿತ್ರಗಳಿಂದ ತಾಯಂದಿರನ್ನು ಸೆಳೆಯುವಂತೆಯೂ ಇಲ್ಲ. ತನ್ನನ್ನು ಕೊಳ್ಳಬೇಡವೆಂದು ತಾನೇ ಹೇಳುವ ಸರಕನ್ನು ಅಜ್ಜಿಯು ಅದುವರೆಗೆ ಕಂಡಿರಲಿಲ್ಲ.

“ಅವರೆಕಾಳಿನ ಜಾತಿಯದನ್ನು ಹಸುಗೂಸಿಗೆ ಕುಡಿಸುವುದೆಂದರೆ ನನಗೆ ಮನಸ್ಸು ಬಾರದಮ್ಮ” ಎಂದರು.

“ನಾಲ್ಕು ವಾರ ಮಾತ್ರ, ಅತ್ತೆ. ಚೀಟಿಯಲ್ಲಿ ಬರೆದಿದ್ದಾರೆ” ಎಂದು ಸೊಸೆಯು ತೋರಿಸಿದಳು. ಅಜ್ಜಿಯು ಆ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿಸಿದರು.

ಮೂರು ದಿನಗಳಲ್ಲಿ ಭೇದಿಯು ಇಳಿಮುಖವಾಯಿತು. ವಾರದೊಳಗೆ ಕೂಸು ನಕ್ಕಿತು. ಆಗ ಮಗನಿಗೆ ಲೆಕ್ಕದ ಬುದ್ಧಿಯು ಹುಟ್ಟಿತು. “ಅಮ್ಮ, ಸೋಯಾ ಕಾಳು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಹಾಲಾಯಿತು. ಡಬ್ಬಿಗೆ ಇಷ್ಟು ಹಣ ಏಕೆ ಸುರಿಯಬೇಕು?” ಎಂದನು. ಅಜ್ಜಿಯು ಸುಳ್ಯದ ಕಡೆಯಿಂದ ಬಂದವರು, ತಾಳಮದ್ದಳೆಗಳನ್ನು ಕೇಳಿ ಬೆಳೆದವರು. “ಅಶ್ವತ್ಥಾಮನಿಗೆ ಹುಡುಗರು ಕುಡಿಸಿದ್ದೂ ಅಂಥದನ್ನೇ ಅಲ್ಲವೇನೋ?” ಎಂದರು. ಮಗನು ಸುಮ್ಮನಾದನು.

ಅಜ್ಜಿಯು ಪುರಾಣದಿಂದ ಹೇಳಿದುದನ್ನು ರಸಾಯನಶಾಸ್ತ್ರವೂ ಹೇಳುವುದು. ಮನೆಯಲ್ಲಿ ಹಿಂಡಿದ ಸೋಯಾ ಹಾಲಿನಲ್ಲಿ ಕೂಸಿನ ಎಲುಬಿಗೆ ಬೇಕಾಗುವಷ್ಟು ಸುಣ್ಣದ ಅಂಶವಿಲ್ಲ. ವಿಟಮಿನ್ ಡಿ ಮತ್ತು ಬಿ-೧೨ ಇಲ್ಲ. ಸರಿಯಾಗಿ ಬೇಯದಿದ್ದರೆ ಜೀರ್ಣಕ್ಕೆ ಅಡ್ಡಿಯಾಗುವ ದ್ರವ್ಯವು ಅದರಲ್ಲಿಯೇ ಉಳಿಯುವುದು. ಡಬ್ಬಿಯ ಪುಡಿಯಾದರೋ ರುಬ್ಬಿದ ಹಿಟ್ಟಲ್ಲ. ಕಾಳಿನಿಂದ ಸಸಾರಜನಕದ ಅಂಶವನ್ನು ಮಾತ್ರ ಬೇರ್ಪಡಿಸಿ, ಅದರಲ್ಲಿ ಕೊರತೆಯಾಗಿರುವ ಮಿಥಿಯೋನಿನ್ ಎಂಬುದನ್ನು ಕೂಡಿಸಿ, ಎಣ್ಣೆ, ಬೇರೊಂದು ಸಕ್ಕರೆ, ಸುಣ್ಣ, ಕಬ್ಬಿಣ, ವಿಟಮಿನ್‌ಗಳನ್ನು ಅಳೆದು ಬೆರೆಸಿದ ಪಾಕವದು. ದೊಡ್ಡವರಿಗಾಗಿ ಪೆಟ್ಟಿಗೆಗಳಲ್ಲಿ ಮಾರುವ ಸೋಯಾ ಪಾನೀಯವೂ ಶಿಶುವಿಗೆ ಆಹಾರವಾಗದು.

ಈ ಅಳತೆಯಲ್ಲಿ ಒಂದು ದ್ರವ್ಯವು ತಪ್ಪಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳುಂಟು. ಪೂರ್ವದಲ್ಲಿ ಸೋಯಾ ಪುಡಿಗಳಿಗೆ ಅಯೋಡಿನ್ ಸೇರಿಸುತ್ತಿರಲಿಲ್ಲ. ಅವುಗಳನ್ನು ಕುಡಿದ ಕೆಲವು ಕೂಸುಗಳಿಗೆ ಗಳಗಂಡವು ಕಾಣಿಸಿಕೊಂಡಿತು. ೧೯೭೯ರಲ್ಲಿ ಅಮೆರಿಕದಲ್ಲಿ ಎರಡು ಸೋಯಾ ಪುಡಿಗಳಲ್ಲಿ ಉಪ್ಪಿನ ಅಂಶವಾದ ಕ್ಲೋರೈಡು ಕಡಿಮೆಯಾಗಿ ಮಕ್ಕಳು ಕಾಯಿಲೆ ಬಿದ್ದರು. ಮರುವರ್ಷವೇ ಅಲ್ಲಿ ಶಿಶುಗಳ ಪುಡಿಹಾಲಿಗಾಗಿ ಪ್ರತ್ಯೇಕ ಕಾನೂನು ಹುಟ್ಟಿತು. ೨೦೦೩ರಲ್ಲಿ ಇಸ್ರೇಲಿನಲ್ಲಿ ಮಾರಾಟವಾದ ಒಂದು ಸೋಯಾ ಪುಡಿಯಲ್ಲಿ ವಿಟಮಿನ್ ಬಿ-೧ ಸಾಕಷ್ಟಿಲ್ಲದೆ ಶಿಶುಗಳು ಸತ್ತವು. ಉಳಿದವುಗಳಲ್ಲಿ ಕೆಲವಕ್ಕೆ ನರಗಳ ಊನವು ಉಳಿಯಿತು. ದೊಡ್ಡ ಕಾರ್ಖಾನೆಗಳಲ್ಲಿಯೇ ಹೀಗಾಗುವುದಾದರೆ ಅಡುಗೆಮನೆಯ ಮಿಕ್ಸಿಯನ್ನು ನಂಬಿ ಕೂಸನ್ನು ಒಪ್ಪಿಸುವುದು ಹೇಗೆ?

ಭಾಗಮಂಡಲದ ಮನೆಯಲ್ಲಿ ಮೂರನೆಯ ವಾರ ನಡೆಯುತ್ತಿದ್ದಾಗ ತ್ರಿವೇಣೀ ಸಂಗಮವು ಉಕ್ಕಿ ದಾರಿಯ ಮೇಲೆ ನೀರು ನಿಂತಿತು. ಬಸ್ಸು ನಿಂತಿತು, ದೀಪವೂ ಹೋಯಿತು. ಡಬ್ಬಿಯಲ್ಲಿ ಎರಡು ದಿನಕ್ಕಾಗುವಷ್ಟು ಪುಡಿಯು ಉಳಿದಿದ್ದಿತು. ಮಡಿಕೇರಿಯು ಸುಮಾರು ೪೦ ಕಿಲೋಮೀಟರ್ ದೂರ. ಅಳತೆಯ ಚಮಚವನ್ನು ಅರ್ಧ ತುಂಬಿಸಿ, ನೀರನ್ನು ಮಾತ್ರ ಅಷ್ಟೇ ಇಟ್ಟು ನಾಲ್ಕು ದಿನ ತಳ್ಳಬಹುದಲ್ಲವೇ ಎಂಬ ಯೋಚನೆಯು ಮನೆಯಲ್ಲಿ ಬಂದಿತು. ಬರದೆ ಇರಲು ಸಾಧ್ಯವಿಲ್ಲ. ಪುಡಿಯು ದುಬಾರಿಯಾದ ಕಡೆಗಳಲ್ಲೆಲ್ಲ ಈ ಯೋಚನೆಯು ಬರುವುದು, ಅನೇಕ ಮನೆಗಳಲ್ಲಿ ಕಾರ್ಯಕ್ಕೂ ಬರುವುದು. ಹೊಟ್ಟೆಯು ತುಂಬಿದಂತೆ ತೋರಿ ಕೂಸು ಅಳುವುದನ್ನು ನಿಲ್ಲಿಸುವುದು, ಮೈಯು ಮಾತ್ರ ಸೊರಗುವುದು. ಹುಡುಗರು ಆಟಕ್ಕಾಗಿ ಕದಡಿದ ಹಿಟ್ಟಿನ ನೀರನ್ನು ಪ್ರೀತಿಯುಳ್ಳವರೇ ಕದಡುವ ಬಗೆಯಿದು.

ಅಲ್ಲಿ ಹಾಗಾಗದಂತೆ ತಡೆದುದು ವೈದ್ಯರ ಇನ್ನೊಂದು ಮಾತು. ಎದೆಹಾಲನ್ನು ಬಿಡಿಸದೆ ಇದ್ದುದರಿಂದ ಅದು ಬತ್ತಿರಲಿಲ್ಲ. ಜ್ವರದ ನಿಶ್ಶಕ್ತಿಯು ಕಳೆದು ತಾಯಿಯ ಮೈಯೂ ಸುಧಾರಿಸಿದ್ದಿತು. ಅಜ್ಜಿಯು ಸೊಸೆಯನ್ನು ಒಲೆಯ ಹತ್ತಿರದ ಬೆಚ್ಚನೆಯ ಕೋಣೆಯಲ್ಲಿ ಕೂಡಿಸಿ, ಮನೆಗೆಲಸವನ್ನೆಲ್ಲ ತಾವೇ ವಹಿಸಿಕೊಂಡು, “ಕೂಸು ಕೇಳಿದಾಗಲೆಲ್ಲ ಕೊಡು, ಕೇಳದಿದ್ದರೂ ಕೊಡು” ಎಂದರು. ಎದೆಯನ್ನು ಕೂಸು ಎಷ್ಟು ಚೀಪಿದರೆ ಅಷ್ಟು ಹಾಲು ಊರುವುದೆಂಬುದು ಅವರು ಪುಸ್ತಕದಿಂದ ಕಲಿತ ವಿದ್ಯೆಯಲ್ಲ. ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸವನ್ನು ಸೊಸೆಗೂ ಒಂದು ಬಟ್ಟಲು ಕೊಟ್ಟರು; ಹಾಲು ಹೆಚ್ಚಿದುದು ಅದರಿಂದಲೆಂದು ಅವರ ನಂಬಿಕೆ. ಆ ನಂಬಿಕೆಯಿಂದ ಯಾರಿಗೂ ನಷ್ಟವಾಗಲಿಲ್ಲ. ಇದ್ದ ಪುಡಿಯನ್ನು ತುಂಬಿದ ಅಳತೆಯಲ್ಲಿಯೇ, ರಾತ್ರಿ ಒಂದು ಹೊತ್ತಿಗೆ ಮಾತ್ರ ಉಪಯೋಗಿಸಿದರು. ಆರನೆಯ ದಿನ ನೀರು ಇಳಿದು ದಾರಿಯು ತೆರೆಯಿತು.

ವಿಚಿತ್ರವೇನೆಂದರೆ, ನಾಲ್ಕು ವಾರ ತುಂಬಿದಾಗ ಡಬ್ಬಿಯನ್ನು ಬಿಡಲು ಮನಸ್ಸಿಲ್ಲದೆ ಹೋದುದು ಮಗನಿಗೂ ಸೊಸೆಗೂ. ಮತ್ತೆ ಭೇದಿಯಾದರೆ ಎಂಬ ಭಯವು ಅವರನ್ನು ಹಿಡಿದಿದ್ದಿತು. ಆರಂಭಿಸಲು ಒಪ್ಪದಿದ್ದ ಅಜ್ಜಿಯೇ ಈಗ ಪಂಚಾಂಗದ ಗುರುತನ್ನು ತೋರಿಸಿ ಮಡಿಕೇರಿಗೆ ಕಳುಹಿಸಿದರು. ವೈದ್ಯರು ನೋಡಿ, ಸೋಯಾ ಪುಡಿಯನ್ನು ನಿಲ್ಲಿಸಿ, ಆರು ತಿಂಗಳು ತುಂಬಿದ್ದುದರಿಂದ ಎದೆಹಾಲಿನೊಡನೆ ರಾಗಿ ಸರಿಯನ್ನೂ ಮೆತ್ತಗಿನ ಅನ್ನವನ್ನೂ ಆರಂಭಿಸಲು ಹೇಳಿದರು. ಭೇದಿಯು ಮರುಕಳಿಸಲಿಲ್ಲ.

ಈ ಮನೆಯ ಅನುಭವವನ್ನು ಎಲ್ಲ ಕೂಸುಗಳಿಗೂ ಅನ್ವಯಿಸಲಾಗದು. ಹಾಲಿನ ಸಕ್ಕರೆಯು ಒಗ್ಗದಿರುವುದು ಬೇರೆ, ಹಾಲಿನ ಸಸಾರಜನಕವು ಒಗ್ಗದಿರುವುದು ಬೇರೆ. ಎರಡನೆಯದರಲ್ಲಿ ಮೈಯ ಮೇಲೆ ದದ್ದು, ವಾಂತಿ, ಮಲದಲ್ಲಿ ರಕ್ತ ಮುಂತಾದ ಲಕ್ಷಣಗಳು ತೋರುವುವು. ಅಂಥ ಹತ್ತು ಕೂಸುಗಳಲ್ಲಿ ಒಂದಕ್ಕಾದರೂ ಸೋಯಾ ಸಸಾರಜನಕವೂ ಒಗ್ಗದು. ಆದುದರಿಂದ ಆರು ತಿಂಗಳು ತುಂಬುವ ಮೊದಲು ಈ ದೋಷಕ್ಕೆ ಸೋಯಾ ಕೊಡಬಾರದೆಂದು ಯುರೋಪಿನ ಶಿಶುವೈದ್ಯರ ಅಭಿಪ್ರಾಯ. ದಿನ ತುಂಬದೆ ಹುಟ್ಟಿದ ಕೂಸಿಗೆ ಅದು ಸಲ್ಲದು. ಎಲುಬು ಬಲಿಯುವುದಕ್ಕೆ ಅಡ್ಡಿಯುಂಟು. ಸಂಜೆಯ ಹೊತ್ತು ಕಾರಣವಿಲ್ಲದೆ ಅಳುವ ಕೂಸಿಗೆ ಸೋಯಾ ಪುಡಿಯಿಂದ ಲಾಭವು ಕಂಡುಬಂದಿಲ್ಲ; ಆ ಅಳುವು ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ನಿಲ್ಲುವುದು.

ನೀರಿನ ವಿಷಯವನ್ನು ಮರೆಯುವಂತಿಲ್ಲ. ಮುಚ್ಚಿದ ಡಬ್ಬಿಯ ಪುಡಿಯೂ ಸೂಕ್ಷ್ಮಜೀವಿಗಳಿಂದ ಸಂಪೂರ್ಣ ಮುಕ್ತವಲ್ಲವಾದುದರಿಂದ, ಕುದಿದು ಸ್ವಲ್ಪವೇ ಆರಿದ, ೭೦ ಡಿಗ್ರಿಗೆ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ, ಆಮೇಲೆ ತಣಿಸಿ ಕೊಡಬೇಕು. ೨೦೧೮ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದು ಕೊಡಗಿನ ಎಷ್ಟೋ ಸಂಸಾರಗಳು ಪರಿಹಾರದ ಶಿಬಿರಗಳನ್ನು ಸೇರಿದುವು. ಅಂಥ ಸ್ಥಳದಲ್ಲಿ ಒಲೆ, ಸೌದೆ, ಶುದ್ಧವಾದ ಪಾತ್ರೆ ಎಲ್ಲವನ್ನೂ ಹೊತ್ತು ಹೊತ್ತಿಗೆ ಹೊಂದಿಸುವುದು ಎಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಲ್ಲರು.

ಇನ್ನು ಒಂದು ಬಗೆಯ ಕೂಸುಗಳುಂಟು, ಬಹಳ ವಿರಳ. ಲ್ಯಾಕ್ಟೋಸ್ ಒಡೆದ ಮೇಲೆ ಹುಟ್ಟುವ ಗ್ಯಾಲಕ್ಟೋಸ್ ಎಂಬುದನ್ನು ಅರಗಿಸುವ ಶಕ್ತಿಯು ಅವುಗಳ ಯಕೃತ್ತಿಗೆ ಜನ್ಮದಿಂದಲೇ ಇಲ್ಲ. ಹಾಲು ಕುಡಿದ ಕೆಲವೇ ದಿನಗಳಲ್ಲಿ ವಾಂತಿ, ಕಾಮಾಲೆಗಳು ತೋರಿ, ಕಣ್ಣಿಗೆ ಪೊರೆ ಬಂದು, ತಿಳಿಯದೆ ಹೋದರೆ ಪ್ರಾಣವೇ ಹೋಗುವುದು. ಅವುಗಳಿಗೆ ತಾಯಿಯ ಹಾಲೂ ವಿಷ. ಚೀಟಿಯಲ್ಲಿ ಮುಗಿಸುವ ದಿನಾಂಕವನ್ನು ಬರೆಯದೆ ಸೋಯಾ ಪುಡಿಯನ್ನು ಕೊಡುವುದು ಇಂಥವುಗಳಿಗೆ. ಅಂಥ ಕೂಸು ಇರುವ ಮನೆಯವರು ಕೊಡಗಿನಲ್ಲಿ ಮಳೆ ಹಿಡಿಯುವ ಮೊದಲೇ, ಅಕ್ಕಿ ಸೌದೆಗಳನ್ನು ಕೂಡಿಡುವಾಗ, ಒಂದು ತಿಂಗಳಿಗಾಗುವಷ್ಟು ಡಬ್ಬಿಗಳನ್ನೂ ಅಟ್ಟದ ಮೇಲೆ ತೇವ ತಗಲದಂತೆ ಇಟ್ಟುಕೊಳ್ಳಬೇಕು.